ಎಟಿಆರ್ ಬಿಟ್ಟು ದೊಡ್ಡ ಏರ್‌ಲೈನ್‌ಗೆ ಹೋಗ್ಲಾ ಬೇಡ್ವಾ? ಹೋದವರು ಹೇಳಿ

ಎಲ್ರಿಗೂ ನಮಸ್ಕಾರ. ದಾವಣಗೆರೆ ಕಡೆಯವಳು, ಸಣ್ಣ ಏರ್‌ಲೈನ್ ಒಂದ್ರಲ್ಲಿ ಎಟಿಆರ್ 72 (ಪ್ರೊಪೆಲ್ಲರ್ ಇರೋ ಸಣ್ಣ ವಿಮಾನ) ಹಾರಿಸ್ತಿದೀನಿ, ಫಸ್ಟ್ ಆಫೀಸರ್, ಅಂದ್ರೆ ಕೋ-ಪೈಲಟ್, ಹಾರಾಟ ಒಟ್ಟು 1,280 ಗಂಟೆ ಆಗಿದೆ. ಈಗ ದೊಡ್ಡ ಏರ್‌ಲೈನ್‌ನಿಂದ ಎ320 ಜೆಟ್‌ಗೆ ಕರೆ ಬಂದಿದೆ, ಟೈಪ್ ರೇಟಿಂಗ್ (ಆ ವಿಮಾನ ಹಾರಿಸೋಕೆ ಬೇಕಾದ ಟ್ರೈನಿಂಗ್) ಅವ್ರೇ ಮಾಡಿಸ್ತಾರಂತೆ ಆದ್ರೆ ಬಾಂಡ್ ಇದೆ, ಮಧ್ಯದಲ್ಲಿ ಬಿಟ್ರೆ ದುಡ್ಡು ಕಟ್ಬೇಕು. ಬೇಸ್, ಅಂದ್ರೆ ಯಾವ ಊರಲ್ಲಿದ್ದು ಹಾರಿಸ್ಬೇಕು ಅಂತ ಬಾಯಿ ಬಿಡ್ತಿಲ್ಲ. ಅಪ್ಪ ತೋಟ ಅಡ ಇಟ್ಟು ಓದ್ಸಿದ್ದು, ಆ ಸಾಲ ಇನ್ನೂ ಹಾಗೇ ಇದೆ. ಇಲ್ಲೇ ಇದ್ರೆ ಇನ್ನೆರಡು ವರ್ಷಕ್ಕೆ ಕಮಾಂಡ್, ಅಂದ್ರೆ ಕ್ಯಾಪ್ಟನ್ ಪೋಸ್ಟ್, ಸಿಗಬಹುದು ಅಂತಾರೆ. ಅನುಭವ ಇರೋರು ಹೇಳಿ ಪ್ಲೀಸ್.

—

ಹೋಗೋದಾದ್ರೆ ಬೇಗ ಹೋಗಮ್ಮ, ನನ್ನ ಥರ ಮಾಡ್ಬೇಡ. ನಾನೂ ನನ್ನ ಗೆಳೆಯನೂ ಒಂದೇ ದಿನ ಸೆಲೆಕ್ಟ್ ಆಗಿದ್ದು, ಅಕ್ಕನ ಮದ್ವೆ ಇದೆ ಅಂತ ನಾನು ಒಂದು ಬ್ಯಾಚ್ ಮುಂದಕ್ಕೆ ಹಾಕಿಸ್ಕೊಂಡೆ, ಬರೀ ಐದು ವಾರ. ಕಂಪನಿ ಸೀನಿಯಾರಿಟಿ ಲಿಸ್ಟಲ್ಲಿ ಅವನ ನಂಬರ್‌ಗೂ ನನ್ನದಕ್ಕೂ ನಡುವೆ ನಲವತ್ತು ಚಿಲ್ರೆ ಜನ ಬಂದ್ಬಿಟ್ರು. 2020ರ ಶುರುವಲ್ಲಿ ಅವನ ಕಮಾಂಡ್ ಟ್ರೈನಿಂಗ್ ಮುಗೀತು, ನನ್ನ ಸರದಿ ಬರೋ ಹೊತ್ತಿಗೆ ಕೊರೋನಾ, ಎಲ್ಲಾ ಬಂದ್. ಎರಡೂವರೆ ವರ್ಷ ಅವನು ಎಡಗಡೆ ಕ್ಯಾಪ್ಟನ್ ಸೀಟು ನಾನು ಬಲಗಡೆ, ಸಂಬಳ ಹೆಚ್ಚುಕಮ್ಮಿ ಅರ್ಧ. ಮದ್ವೆ ಚೆನ್ನಾಗೇ ಆಯ್ತು ಬಿಡಿ. ದೊಡ್ಡ ಕಡೆ ಬೇಸು, ರಜೆ, ಕಮಾಂಡು ಎಲ್ಲಾ ಆ ನಂಬರ್ ನೋಡೇ, ನೀನೆಷ್ಟು ಚೆನ್ನಾಗಿ ಲ್ಯಾಂಡ್ ಮಾಡ್ತೀಯ ಅಂತ ಯಾರೂ ಕೇಳಲ್ಲ.

—

ನೋಡ್ ತಂಗಿ, ನಂಬರ್ ಮಾತು ಖರೇನ ಐತಿ, ಆದ್ರ ಕಂಪನಿನ ಮುಳುಗಿದ್ರ ಆ ನಂಬರ್ ತಗೊಂಡು ಏನ್ ಮಾಡೂದು? ಕಿಂಗ್‌ಫಿಷರ್ 2012ಕ್ಕ ನಿಂತ್ತು, ಜೆಟ್ 2019ರ ಏಪ್ರಿಲ್‌ದಾಗ, ಗೋ ಫಸ್ಟ್ 2023ರ ಮೇ ತಿಂಗಳದಾಗ, ಯಾವೂ ಸಣ್ಣ ಹೆಸರಲ್ಲ. ನಾ ಇದ್ದದ್ದು ಇವು ಮೂರೂ ಅಲ್ಲ, ಹೆಸರು ಬ್ಯಾಡ. ಮೊದ್ಲ ಪಗಾರ ಹತ್ತು ದಿನ ತಡಾ ಆತು, ಆಮ್ಯಾಲೆ ತಿಂಗಳ, ಆಮ್ಯಾಲೆ ಅರ್ಧಾ ಪಗಾರ. ಬಿಟ್ಟು ಹೋಗೂಣು ಅಂದ್ರ ನೋಟಿಸ್ ಪೀರಿಯಡ್ಡು, ಡಿಜಿಸಿಎ (ವಿಮಾನಯಾನದ ಸರ್ಕಾರಿ ಇಲಾಖೆ) ರೂಲ್ ಪ್ರಕಾರ ಫಸ್ಟ್ ಆಫೀಸರ್‌ಗೆ ಆರು ತಿಂಗಳ, ಕ್ಯಾಪ್ಟನ್‌ಗೆ ಒಂದು ವರ್ಷ. ಹೊಸಾ ಕಂಪನ್ಯಾಗ ಮತ್ತ ಸೊನ್ನೆಯಿಂದ ಶುರು, ಹನ್ನೆರಡು ವರ್ಷ ಸಣ್ಣ ಹುಡುಗ ನನ್ನ ಕ್ಯಾಪ್ಟನ್.

ನಿಂದು 1,280 ಆಗೈತಿ, ಎಟಿಪಿಎಲ್‌ಗೆ (ಕ್ಯಾಪ್ಟನ್ ಆಗಾಕ ಬೇಕಾದ ಲೈಸೆನ್ಸ್) 1,500 ತಾಸು ಬೇಕು. ಉಳಿದದ್ದು 220, ತಿಂಗಳಿಗೆ 60 ಹಾರಿದ್ರೂ ನಾಕ್ ತಿಂಗಳದ ಮಾತು. ಹೆಂಗೂ ಆರು ತಿಂಗಳ ನೋಟಿಸ್ ಕೊಡೂದೈತಲ್ಲ, ಅಷ್ಟರಾಗ ಎಟಿಪಿಎಲ್ ಪೇಪರ್ ಮುಗಿಸ್ಕೋ. ಬಾಂಡ್‌ನ್ಯಾಗ ಒಂದ ಸಾಲು ಹುಡುಕು: ಕಂಪನಿನ ನಿನ್ನ ತೆಗದ್ರೂ ರೊಕ್ಕ ನೀನ ಕೊಡಬೇಕೇನು? ಹಂಗಿದ್ರ ಸೈನ್ ಮಾಡಬ್ಯಾಡ.

—

ನಾನು ಪೈಲಟ್ ಅಲ್ಲ, ನಮ್ಮೆಜಮಾನ್ರು. ಮನೆ ಕಡೆದು ಹೇಳ್ತೀನಿ. ನಾವಿರೋದು ಜಯನಗರ, ಬೆಳಗಿನ ಫ್ಲೈಟ್ ಇದ್ರೆ ರಾತ್ರಿ ಎರಡೂವರೆಗೆ ಗೇಟ್ ಹತ್ರ ಕ್ಯಾಬು, ದೇವನಹಳ್ಳಿ ಅಂದ್ರೆ ಊರಾಚೆ ಊರು. ಮಗು ಎದ್ದಾಗ ಅಪ್ಪ ಇರಲ್ಲ, ಅಪ್ಪ ಎದ್ದಾಗ ಮಗು ಸ್ಕೂಲಲ್ಲಿರತ್ತೆ. 2025ರಲ್ಲಿ ಡಿಜಿಸಿಎ ವಾರದ ವಿಶ್ರಾಂತಿನ 36 ಗಂಟೆಯಿಂದ 48 ಮಾಡ್ತಲ್ಲ, ಅದು ನಮ್ಮನೇಲಿ ಹಬ್ಬ. ನವೆಂಬರ್‌ನಿಂದ ಒಬ್ಬ ಪೈಲಟ್ ಮಾಡೋ ರಾತ್ರಿ ಲ್ಯಾಂಡಿಂಗ್ ಸಂಖ್ಯೆನ ಆರರಿಂದ ಎರಡಕ್ಕೆ ಇಳಿಸಿದ್ರು, ಪೈಲಟ್‌ಗಳು ಸಾಲ್ದೆ ಡಿಸೆಂಬರ್‌ನಲ್ಲಿ ಇಂಡಿಗೊದು ಸಾವಿರಾರು ಫ್ಲೈಟ್ ಕ್ಯಾನ್ಸಲ್ ಆಗಿದ್ದು ನೋಡಿದೀರಲ್ಲ, ರೋಸ್ಟರ್ (ಡ್ಯೂಟಿ ಪಟ್ಟಿ) ಎಷ್ಟು ಬಿಗಿ ಇರತ್ತೆ ಅಂತ ಅದ್ರಲ್ಲೇ ಗೊತ್ತಾಗತ್ತೆ.

ಇನ್ನೊಂದು, ಎಲ್ಲಿದ್ರೂ ಇದು ಇದ್ದದ್ದೇ ಆದ್ರೂ ಹೇಳ್ಬಿಡ್ತೀನಿ. ನಮ್ಮತ್ತೆ ಒಂದ್ಸಲ ಕೆಮ್ಮಿಗೆ ಅಂತ ದ್ರಾಕ್ಷಾರಿಷ್ಟ ಬಿಸಿನೀರಿಗೆ ಹಾಕಿ ಮಗನ ಕೈಗಿಟ್ರು, ಲೋಟ ಬಾಯಿಗಿಡೋಷ್ಟರಲ್ಲಿ ನಾನು ಕಿತ್ಕೊಂಡೆ. ಅದ್ರಲ್ಲೂ ಆಲ್ಕೋಹಾಲ್ ಇರತ್ತೆ ಕಣ್ರೀ. ಬ್ರೀತ್ ಅನಲೈಸರ್‌ನಲ್ಲಿ ಮೊದಲ್ನೇ ಸಲ ಸಿಕ್ಕಿದ್ರೇನೇ ಮೂರು ತಿಂಗಳು ಲೈಸೆನ್ಸ್ ಸಸ್ಪೆಂಡ್. ಅತ್ತೆ ಎರಡು ದಿನ ಮಾತಾಡ್ಲಿಲ್ಲ. ನಿಮ್ಮಮ್ಮಂಗೂ ಹೇಳಿಟ್ಟಿರಿ.

—

ಎಲ್ರಿಗೂ ಥ್ಯಾಂಕ್ಸ್. ಬಾಂಡ್ ನೋಡು ಅಂತ ಹುಬ್ಬಳ್ಳಿ ಅಣ್ಣ ಹೇಳಿದ್ ಮೇಲೆ ಇವತ್ತು ಎಚ್‌ಆರ್‌ಗೆ ಫೋನ್ ಮಾಡಿದ್ದೆ, ಬೇಸ್ ಟ್ರೈನಿಂಗ್ ಮುಗಿದ್ಮೇಲೇನೇ ಅಂದ್ರು, ಮೊದ್ಲು ದೆಹಲಿ ಅಂತ ಇಟ್ಕೊಳ್ಳಿ ಅಂದ್ರು. ಬಾಂಡ್ ಕಾಪಿ ಕೇಳಿದ್ರೆ ಜಾಯಿನಿಂಗ್ ದಿನ ತೋರಿಸ್ತೀವಿ ಅಂತಾರೆ. ಅಪ್ಪಂಗೆ ದೆಹಲಿ ಅಂದೆ, ಸಾಲದ ಮಾತೆತ್ತಲಿಲ್ಲ, ಅಲ್ಲಿ ಚಳಿ ಜಾಸ್ತಿ ಅಲ್ವಾ ಅಂದ್ರು ಅಷ್ಟೇ.

—

ಜಾಯಿನಿಂಗ್ ದಿನ ತೋರಿಸ್ತಾರಾ? ಅಷ್ಟೊತ್ತಿಗೆ ನೀನು ಇಲ್ಲಿ ರಾಜೀನಾಮೆ ಕೊಟ್ಟಾಗಿರತ್ತೆ. ಬೇಗ ಹೋಗು ಅಂದೋನು ನಾನೇ, ಆದ್ರೆ ಕಾಪಿ ಮೇಲ್‌ಗೆ ಬರೋ ತನಕ ಇಲ್ಲಿ ನೋಟಿಸ್ ಕೊಡ್ಬೇಡ. ಬಂದ ದಿನ ಇಲ್ಲೇ ಹೇಳು, ಕೂತು ಓದೋಣ.