ಅಪ್‌ಡೇಟ್: ಕಾರವಾರ ನಿಲ್ದಾಣದ ಬಳಿಯ ಹಳೆಯ ಬಾರ್‌ಗೆ ಹೋಗಿ ಬಂದೆವು

ರಾತ್ರಿಯ ರೈಲಿಗೆ ಮುನ್ನ ಭಾವನವರೊಡನೆ ಕುಳಿತು ಬಿಯರ್ ಕುಡಿಯಲು, ಆಡಂಬರವಿಲ್ಲದ ಹಳೆಯ ಬಾರ್ ಕಾರವಾರ ನಿಲ್ದಾಣದ ಹತ್ತಿರ ಇದೆಯೇ ಎಂದು ಕೇಳಿದ್ದೆ. ನೀವು ಸೂಚಿಸಿದ ಜಾಗಕ್ಕೇ ಹೋದೆವು. ಹಂಚಿನ ಮಾಡು, ಮರದ ಬೆಂಚು, ಟಿವಿಯ ಗದ್ದಲವಿಲ್ಲ. ರವೆ ಹಚ್ಚಿ ಹುರಿದ ಬಂಗಡೆ ಕಾವಲಿಯಿಂದ ನೇರವಾಗಿ ತಟ್ಟೆಗೆ ಬಂತು. ಅಷ್ಟು ತಾಜಾ ಮೀನು ದೊಡ್ಡ ಹೋಟೆಲುಗಳಲ್ಲೂ ನನಗೆ ಸಿಕ್ಕಿಲ್ಲ. ಜೊತೆಗೆ ಮುರುಗಲು, ತೆಂಗಿನಹಾಲಿನ ಹುಳಿ ಪಾನೀಯ ಸೋಲ್‌ಕಡಿ, ಎರಡೆರಡು ಲೋಟ! ಭಾವ ಗೋವಾದ ಮದ್ಯ ಫೆನಿ ಕೇಳಿದರು, ಇರಲಿಲ್ಲ. ಗೋವಾ ಪಕ್ಕದಲ್ಲೇ ಇದ್ದರೂ ಅಬಕಾರಿ ಕಾನೂನು ಬೇರೆ. ಪರವಾನಗಿಯಿಲ್ಲದೆ ಗಡಿಯ ಮಾಜಾಳಿ ತನಿಖಾ ಠಾಣೆ ದಾಟಿಸಿ ತರುವಂತಿಲ್ಲ.

ಹೋಗುವವರು ಗಮನಿಸಿ: ನಿಲ್ದಾಣವಿರುವುದು ಪೇಟೆಯಿಂದ ದೂರ, ಶಿರವಾಡದಲ್ಲಿ. ಮರಳುವುದಕ್ಕೆ ಆಟೋದವರಿಗೆ ಮೊದಲೇ ಹೇಳಿಟ್ಟುಕೊಳ್ಳಿ. ದಾರಿ ತೋರಿಸಿದ ಎಲ್ಲರಿಗೂ ಧನ್ಯವಾದ.