ಎಎಫ್‌ಎಂಸಿಯಲ್ಲಿ ಸಂಶೋಧನೆಯೂ ನಡೆಯುತ್ತಾ?

ವಾನವಡಿ ಅಪ್ಪ:
ನಮಸ್ಕಾರ. ನಾವು ಹುಬ್ಬಳ್ಳಿಯವರು, ಈಗ ಪುಣೆಯ ವಾನವಡಿಯಲ್ಲಿ ಮನೆ. ಮಗಳು ನೀಟ್ ಬರೆದಿದ್ದಾಳೆ. ರೋಗಿ ನೋಡೋದಕ್ಕಿಂತ ರೋಗ ಯಾಕೆ ಬರುತ್ತೆ ಅನ್ನೋದರಲ್ಲೇ ಅವಳಿಗೆ ಆಸಕ್ತಿ ಜಾಸ್ತಿ. ಸೇನೆಯ ವೈದ್ಯಕೀಯ ಕಾಲೇಜು ಎಎಫ್‌ಎಂಸಿ ಇಲ್ಲೇ ಹತ್ತಿರ. ಅಲ್ಲಿ ಬರೀ ಪಾಠವಾ, ಸಂಶೋಧನೆಯೂ ಇದೆಯಾ? ಯಾರನ್ನು ಕೇಳಿದರೂ "ಫೀ ಇಲ್ಲ, ಯೂನಿಫಾರ್ಮ್ ಸಿಗುತ್ತೆ" ಅಷ್ಟೇ ಹೇಳ್ತಾರೆ.

ಕೋಥ್ರೂಡ್ ಕನ್ನಡತಿ:
ಮೊದಲು ಬಾಂಡ್ ಓದಿ ಸರ್. ಓದು ಮುಗಿದ ಮೇಲೆ ಸೇನೆಯಲ್ಲಿ ಡಾಕ್ಟರ್ ಆಗಿ ಸೇರಬೇಕು. ಬೇಡ ಅಂದ್ರೆ ದೊಡ್ಡ ಮೊತ್ತ ಕಟ್ಟಬೇಕು.

ಮಾಜಿ ಹವಾಲ್ದಾರ, ಖಡಕಿ:
ನಾನು ಸೇನೆಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. 1948ರ ಮೇ 1ರಂದು ಕಾಲೇಜು ಶುರುವಾದಾಗ ಅಲ್ಲಿ ಎಂಬಿಬಿಎಸ್ ಇರಲೇ ಇಲ್ಲ. ಸೇವೆಯಲ್ಲಿದ್ದ ಡಾಕ್ಟರುಗಳಿಗೆ ತರಬೇತಿ, ಅಷ್ಟೇ. ಎಂಬಿಬಿಎಸ್ ಬಂದದ್ದು 1962ರಲ್ಲಿ.

ಅದೇ ವರ್ಷ ಚೀನಾ ಯುದ್ಧ. ಬಯಲಿಂದ ಏಕಾಏಕಿ ಎತ್ತರಕ್ಕೆ ಹೋದ ಹುಡುಗರ ಶ್ವಾಸಕೋಶದಲ್ಲಿ ನೀರು ತುಂಬ್ತಿತ್ತು. ಸೇನಾ ವೈದ್ಯ ಇಂದರ್ ಸಿಂಗ್ ಮತ್ತವರ ಜೊತೆಗಾರರು 1,925 ಸೈನಿಕರನ್ನು ನೋಡಿ 1969ರಲ್ಲಿ ಪ್ರಬಂಧ ಬರೆದರು. ಈ ವಿಷಯ ಓದುವವರು ಇವತ್ತಿಗೂ ಅದನ್ನು ತೆಗೆದು ನೋಡ್ತಾರೆ.

ಮೈ ಎತ್ತರಕ್ಕೆ ಹೊಂದಿಕೊಳ್ಳಲಿ ಅಂತ ಲಡಾಖಿನ ಲೇಹ್‌ನಲ್ಲಿ ಇಳಿದ ಮೊದಲ ಎರಡು ದಿನ ವಿಶ್ರಾಂತಿ, ಆಮೇಲೆರಡು ದಿನ ನಿಧಾನ ನಡಿಗೆ, ಐದು-ಆರನೇ ದಿನ ಸ್ವಲ್ಪ ಏರು. ಹೊಸಬರು "ಏನೂ ಆಗಿಲ್ಲ" ಅಂತ ವಾಲಿಬಾಲ್‌ಗೆ ಓಡೋರು. ಬೈದು ಮಲಗಿಸೋದೇ ನಮ್ಮ ಡ್ಯೂಟಿ. ರಾತ್ರಿ ಕೆಮ್ಮು ಹತ್ತಿ, ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಚರಚರ ಸದ್ದು ಕೇಳಿತೋ, ಆಕ್ಸಿಜನ್ ಹಾಕಿ ಕೆಳಗಿಳಿಸು, ಅಷ್ಟೇ.

ಸೇನೆಯ ಸಂಶೋಧನೆ ಜಾಸ್ತಿ ಹುಟ್ಟೋದು ಹೀಗೆ, ಪೋಸ್ಟಿಂಗ್ ಆದ ಕಡೆ. ಕಾಲೇಜಲ್ಲೂ ಇದೆ; 2023ರಲ್ಲಿ ರಾಷ್ಟ್ರಪತಿಗಳು ಕಂಪ್ಯೂಟರ್ ಆಧಾರಿತ ವೈದ್ಯಕೀಯಕ್ಕೆ 'ಪ್ರಜ್ಞಾ' ಅನ್ನೋ ಕೇಂದ್ರ ಉದ್ಘಾಟಿಸಿದರು. ಆದರೆ ದಿನವಿಡೀ ಲ್ಯಾಬೇ ಬೇಕು ಅಂದ್ರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಲ್ಯಾಬುಗಳನ್ನು ನೋಡಲಿ. ಸೈನಿಕರ ದೇಹ ಹೇಗೆ ಕೆಲಸ ಮಾಡುತ್ತೆ ಅಂತ ನೋಡುವ ದೆಹಲಿಯ ಡಿಪಾಸ್, ಮೊದಲು ಡಿಎಫ್‌ಆರ್‌ಎಲ್ ಅಂತಿದ್ದ ನಮ್ಮ ಮೈಸೂರಿನ ಡಿಐಬಿಟಿ. ಅಲ್ಲಿ ಯೂನಿಫಾರ್ಮ್ ಬೇಕಿಲ್ಲ, ಎಂಬಿಬಿಎಸ್ಸೇ ಆಗಬೇಕಂತಲೂ ಇಲ್ಲ.

ವಾನವಡಿ ಅಪ್ಪ:
ತುಂಬಾ ಉಪಕಾರ ಆಯ್ತು ಹವಾಲ್ದಾರ್ರೇ. ಪೋಸ್ಟಿಂಗ್ ಅಂದ ಕೂಡಲೇ ನಮ್ಮನೆಯವರ ಮುಖ ಸಪ್ಪಗಾಯ್ತು. ಮಗಳು ಮಾತ್ರ ಆ 1969ರ ಪ್ರಬಂಧ ಹುಡುಕ್ತಾ ಕೂತಿದ್ದಾಳೆ. ಅರ್ಜಿ ಹೇಗೆ ಹಾಕೋದು?

ಕೋಥ್ರೂಡ್ ಕನ್ನಡತಿ:
ನೀಟ್ ಆದ ಮೇಲೆ ಸೀಟು ಹಂಚುವ ಕೇಂದ್ರದ ಸಮಿತಿ ಎಂಸಿಸಿಯ ಕೌನ್ಸೆಲಿಂಗ್‌ಗೆ ಹೆಸರು ನೋಂದಾಯಿಸುವಾಗ ಎಎಫ್‌ಎಂಸಿ ಆರಿಸಿಕೊಳ್ಳಬೇಕು. ಕರೆದರೆ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಸಂದರ್ಶನ, ಮೆಡಿಕಲ್. ಹುಡುಗಿಯರಿಗೆ ಸೀಟು ಕಮ್ಮಿ, ಹಾಗಾಗಿ ಬೇರೆ ಕಾಲೇಜುಗಳನ್ನೂ ಕೈಬಿಡಬೇಡಿ. ಕನ್ನಡಕ ಹಾಕ್ತಾಳಾ? ಹಾಗಿದ್ರೆ ಈಗಲೇ ಕಣ್ಣು ತೋರಿಸಿ.