ಫೀಲ್ಡ್ ಗೋಲ್ ಶೇಕಡಾವಾರಿನಿಂದ ಓನೀಲ್ ಮತ್ತು ಹಾರ್ಡನ್ ಅವರನ್ನು ಹೋಲಿಸುವುದು ಸರಿಯೇ?

ಪ್ರಶ್ನೆ: ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಓದುತ್ತಿದ್ದೇನೆ, ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಲೆಕ್ಕ ಬರೆಯುವ ಕೆಲಸ ಎರಡು ವರ್ಷಗಳಿಂದ ನನ್ನದು. ಧಾರವಾಡದಲ್ಲಿರುವ ನನ್ನ ಅಣ್ಣನಿಗೂ ನನಗೂ ಒಂದು ವಾದ ಬಹಳ ದಿನಗಳಿಂದ ನಡೆದಿದೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ 1999-2000ರ ಋತುವಿನಲ್ಲಿ ಶಕೀಲ್ ಓನೀಲ್ ಪಂದ್ಯಕ್ಕೆ ಸರಾಸರಿ 29.7 ಅಂಕ ಗಳಿಸಿದರು, ಅವರ ಫೀಲ್ಡ್ ಗೋಲ್ ಪ್ರಮಾಣ (ಆಟದ ನಡುವೆ ಎಸೆದವುಗಳಲ್ಲಿ ಬುಟ್ಟಿಗೆ ಬಿದ್ದವುಗಳ ಪಾಲು) ಶೇ 57.4 ಇತ್ತು. 2018-19ರಲ್ಲಿ ಜೇಮ್ಸ್ ಹಾರ್ಡನ್ ಸರಾಸರಿ 36.1 ಅಂಕ ಗಳಿಸಿದರೂ ಅವರ ಪ್ರಮಾಣ ಶೇ 44.2 ಮಾತ್ರ. ನೂರಕ್ಕೆ ಐವತ್ತಾರು ಎಸೆತ ವ್ಯರ್ಥ ಮಾಡುವ ಆಟಗಾರನನ್ನು ಓನೀಲರ ಪಕ್ಕದಲ್ಲಿ ನಿಲ್ಲಿಸುವುದೇ ತಪ್ಪೆಂದು ಅಣ್ಣ ಹೇಳುತ್ತಾನೆ. ಇದರಲ್ಲಿ ಏನೋ ಬಿಟ್ಟುಹೋಗಿದೆ ಎಂದು ನನಗೆ ಅನಿಸುತ್ತದೆ, ಆದರೆ ಅದು ಯಾವುದೆಂದು ಲೆಕ್ಕದಲ್ಲಿ ತೋರಿಸಲು ಬರುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಸಂಖ್ಯಾಶಾಸ್ತ್ರದ ಅಧ್ಯಾಪಕ, ಧಾರವಾಡ

ನಿಮ್ಮ ಅನಿಸಿಕೆ ಸರಿಯಾಗಿದೆ. ಬಿಟ್ಟುಹೋಗಿರುವುದು ಒಂದಲ್ಲ, ಎರಡು.

ಮೊದಲನೆಯದಾಗಿ, ಫೀಲ್ಡ್ ಗೋಲ್ ಶೇಕಡಾವಾರು ಎರಡು ಅಂಕದ ಬುಟ್ಟಿಯನ್ನೂ ಮೂರು ಅಂಕದ ಬುಟ್ಟಿಯನ್ನೂ ಒಂದೇ ಎಂದು ಎಣಿಸುತ್ತದೆ. ಹಾರ್ಡನ್ ಆ ಋತುವಿನಲ್ಲಿ 1909 ಬಾರಿ ಎಸೆದು 843 ಬಾರಿ ಯಶಸ್ವಿಯಾದರು, ಅವುಗಳಲ್ಲಿ 378 ಮೂರು ಅಂಕದವು. ಮೂರು ಅಂಕದ ಬುಟ್ಟಿ ಎರಡು ಅಂಕದ ಬುಟ್ಟಿಗಿಂತ ಒಂದೂವರೆ ಪಟ್ಟು ಬೆಲೆಯುಳ್ಳದ್ದಾದ್ದರಿಂದ, 843ಕ್ಕೆ 378ರ ಅರ್ಧವನ್ನು ಕೂಡಿಸಿ 1909ರಿಂದ ಭಾಗಿಸಿದರೆ ಶೇ 54.1 ಬರುತ್ತದೆ. ಇದನ್ನೇ ಎಫೆಕ್ಟಿವ್ ಫೀಲ್ಡ್ ಗೋಲ್ ಪ್ರಮಾಣ ಎನ್ನುತ್ತಾರೆ. ಓನೀಲರು ಆ ವರ್ಷ ಮೂರು ಅಂಕದ ಒಂದು ಬುಟ್ಟಿಯನ್ನೂ ಹಾಕಲಿಲ್ಲ, ಹಾಗಾಗಿ ಅವರದು 57.4ರಲ್ಲೇ ನಿಲ್ಲುತ್ತದೆ. ಹದಿಮೂರರಷ್ಟಿದ್ದ ಅಂತರ ಇಷ್ಟಕ್ಕೇ ಸುಮಾರು ಮೂರಕ್ಕೆ ಇಳಿಯಿತು.

ಎರಡನೆಯದು ಇದಕ್ಕಿಂತ ದೊಡ್ಡದು. ಎಸೆಯುವಾಗ ಫೌಲ್ ಆಗಿ ಚೆಂಡು ಬುಟ್ಟಿಗೆ ಬೀಳದಿದ್ದರೆ ಆ ಎಸೆತ ಫೀಲ್ಡ್ ಗೋಲ್ ಲೆಕ್ಕಕ್ಕೇ ಬರುವುದಿಲ್ಲ. ಅದರ ಫಲವೆಲ್ಲ ಫ್ರೀ ಥ್ರೋ (ಫೌಲಿಗೆ ಪರಿಹಾರವಾಗಿ, ಯಾರೂ ಅಡ್ಡ ಬಾರದಂತೆ ಎಸೆಯುವ ಒಂದು ಅಂಕದ ಎಸೆತ) ಕಾಲಮ್ಮಿಗೆ ಹೋಗಿ ಸೇರುತ್ತದೆ. ಓನೀಲರಿಗೆ 824 ಫ್ರೀ ಥ್ರೋ ಸಿಕ್ಕು 432 ಮಾತ್ರ ಬಿದ್ದವು, ಹಾರ್ಡನ್ನರಿಗೆ 858 ಸಿಕ್ಕು 754 ಬಿದ್ದವು. ಎದುರಾಳಿಗಳು ಓನೀಲರನ್ನು ಬೇಕೆಂದೇ ಫೌಲ್ ಮಾಡಿ ಫ್ರೀ ಥ್ರೋ ಗೆರೆಗೆ ಕಳಿಸುತ್ತಿದ್ದುದು ಇದೇ ಕಾರಣಕ್ಕೆ, ಆದರೆ ನಿಮ್ಮ ಅಣ್ಣ ಹಿಡಿದಿರುವ 57.4ರಲ್ಲಿ ಆ ದೌರ್ಬಲ್ಯದ ಸುಳಿವೇ ಇಲ್ಲ.

ಇವೆಲ್ಲವನ್ನೂ ಒಳಗೊಳ್ಳುವ ಅಳತೆ ಟ್ರೂ ಶೂಟಿಂಗ್. ಫೀಲ್ಡ್ ಗೋಲ್ ಪ್ರಯತ್ನಗಳಿಗೆ ಫ್ರೀ ಥ್ರೋ ಪ್ರಯತ್ನಗಳ 0.44 ಪಾಲನ್ನು ಕೂಡಿಸಿ, ಬಂದದ್ದನ್ನು ಇಮ್ಮಡಿಸಿ, ಅದರಿಂದ ಒಟ್ಟು ಅಂಕಗಳನ್ನು ಭಾಗಿಸಬೇಕು. ಪ್ರತಿ ಫೌಲಿಗೂ ಎರಡೇ ಫ್ರೀ ಥ್ರೋ ಸಿಗುವುದಾಗಿದ್ದರೆ, ಎರಡೂ ಸೇರಿ ಒಂದು ಎಸೆತದ ಅವಕಾಶಕ್ಕೆ ಸಮವಾಗಿ, ಆ ಪಾಲು 0.5 ಆಗಿರುತ್ತಿತ್ತು. ಆದರೆ ಬುಟ್ಟಿಯೂ ಬಿದ್ದು ಫೌಲೂ ಆದಾಗ ಸಿಗುವ ಒಂಟಿ ಎಸೆತ, ಟೆಕ್ನಿಕಲ್ ಫೌಲಿನ (ಅಶಿಸ್ತಿನಂಥ ತಪ್ಪಿಗೆ ವಿಧಿಸುವ ಫೌಲ್) ಎಸೆತ, ಮೂರು ಅಂಕದ ಗೆರೆಯಾಚೆ ಫೌಲ್ ಆದಾಗ ಸಿಗುವ ಮೂರು ಎಸೆತ, ಇವು ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತವೆ. ಹಾರ್ಡನ್ನರ 2818 ಅಂಕಗಳಿಗೆ ಈ ಲೆಕ್ಕ ಹಾಕಿದರೆ ಶೇ 61.6, ಓನೀಲರ 2344 ಅಂಕಗಳಿಗೆ ಶೇ 57.8. ಅಂದರೆ ಕ್ರಮವೇ ತಿರುಗುಮುರುಗಾಯಿತು.

ಉತ್ತರ: ಹಳೆಯ ಆಟಗಾರ, ಗದಗ

ಅಧ್ಯಾಪಕರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದರೆ ಓನೀಲರಿಗೆ ಅನ್ಯಾಯವಾಗುತ್ತದೆ ಎಂದು ನನ್ನ ದೃಢವಾದ ಅಭಿಪ್ರಾಯ. ಹತ್ತೊಂಬತ್ತು ವರ್ಷಗಳ ಅಂತರದಲ್ಲಿ ಆಟವೇ ಬದಲಾಗಿತ್ತು. ಎನ್‌ಬಿಎಯಲ್ಲಿ ಮೂರು ಅಂಕದ ಗೆರೆ ಬಂದದ್ದು 1979-80ರಲ್ಲಾದರೂ, ತಂಡಗಳು ಅದರ ಬೆಲೆಯನ್ನು ಪೂರ್ತಿಯಾಗಿ ಅರಿತುಕೊಳ್ಳಲು ದಶಕಗಳೇ ಬೇಕಾದವು. 1999-2000ರಲ್ಲಿ ಇಡೀ ಲೀಗಿನ ಟ್ರೂ ಶೂಟಿಂಗ್ ಸರಾಸರಿ ಶೇ 52.3 ಇದ್ದರೆ 2018-19ರಲ್ಲಿ ಅದು 56.0ಕ್ಕೆ ಏರಿತ್ತು. ಆಯಾ ಕಾಲದ ಸರಾಸರಿಯನ್ನು ಕಳೆದು ನೋಡಿದರೆ ಓನೀಲ್ 5.5 ಮೇಲೆ, ಹಾರ್ಡನ್ 5.6 ಮೇಲೆ. ಇಬ್ಬರೂ ಸರಿಸಮಾನರು ಎನ್ನಲು ಅಡ್ಡಿಯಿಲ್ಲ.

ಇದೇ ರೀತಿಯಲ್ಲಿ ಮೈಕಲ್ ಜೋರ್ಡನ್ 1987-88ರಲ್ಲಿ ಸರಾಸರಿ 35.0 ಅಂಕ ಗಳಿಸುತ್ತ ಲೀಗಿನ ಸರಾಸರಿಗಿಂತ 6.5ರಷ್ಟು ಮೇಲಿದ್ದರು. ಸ್ಟೀಫನ್ ಕರ್ರಿಯವರ 2015-16ನೇ ಋತುವನ್ನು ನಾನು ಬೇರೆಯಾಗಿಯೇ ಇಡುತ್ತೇನೆ. ಲೀಗಿನ ಸರಾಸರಿ 54.1 ಇದ್ದಾಗ ಅವರದು 66.9 ಇತ್ತು. ಪಂದ್ಯಕ್ಕೆ 30.1 ಅಂಕ ಗಳಿಸುತ್ತ, ಒಂದೇ ಋತುವಿನಲ್ಲಿ 402 ಮೂರು ಅಂಕದ ಬುಟ್ಟಿ ಹಾಕುತ್ತ ಅಷ್ಟು ಎತ್ತರದಲ್ಲಿ ನಿಂತದ್ದನ್ನು ನೆನೆದರೆ ಇಂದಿಗೂ ಮನಸ್ಸು ಅರಳುತ್ತದೆ.

ಉತ್ತರ: ತರಬೇತುದಾರ, ರಾಣೆಬೆನ್ನೂರು

ತಮ್ಮಾ, ಇಬ್ಬರು ಹಿರಿಯರೂ ಚೆನ್ನಾಗಿ ಹೇಳಿದ್ದಾರೆ. ನಾನು ಹುಡುಗರಿಗೆ ಕಲಿಸುವವನಾದ್ದರಿಂದ ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ: ಎಷ್ಟು ಎಸೆತಗಳ ಹೊರೆ ಹೊತ್ತು ಆ ಪ್ರಮಾಣ ಬಂತು ಎಂಬುದನ್ನು ಬಿಟ್ಟು ಯಾವ ಶೇಕಡಾವಾರನ್ನೂ ಓದಬಾರದು. ವಿಲ್ಟ್ ಚೇಂಬರ್ಲೇನ್ 1961-62ರಲ್ಲಿ ಪಂದ್ಯಕ್ಕೆ 39.5 ಬಾರಿ ಎಸೆದು 50.4 ಅಂಕ ಗಳಿಸಿದಾಗ ಅವರ ಫೀಲ್ಡ್ ಗೋಲ್ ಪ್ರಮಾಣ ಶೇ 50.6 ಇತ್ತು. ಅದೇ ಮನುಷ್ಯ ತನ್ನ ಕೊನೆಯ ಋತುವಾದ 1972-73ರಲ್ಲಿ ಪಂದ್ಯಕ್ಕೆ ಏಳೇ ಬಾರಿ, ಅದೂ ಖಚಿತವಾದಾಗಲಷ್ಟೇ ಎಸೆದು ಶೇ 72.7 ತಲುಪಿದರು, ಆಗ ಅವರ ಸರಾಸರಿ 13.2 ಅಂಕ. ಯಾವ ಚೇಂಬರ್ಲೇನ್‌ಗೆ ಎದುರಾಳಿಗಳು ಹೆಚ್ಚು ಹೆದರುತ್ತಿದ್ದರು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಇನ್ನೊಂದು ಮಾತು. ಜೊತೆಗಾರ ಒಳ್ಳೆಯ ಪಾಸ್ ಕೊಟ್ಟು ಬುಟ್ಟಿಯ ಕೆಳಗೆ ಚೆಂಡು ಕೈಗಿಟ್ಟಾಗ ಹಾಕುವ ಲೇಅಪ್ಪಿಗೂ, ಸಮಯ ಮುಗಿಯುತ್ತಿರುವಾಗ ಇಬ್ಬರು ಡಿಫೆಂಡರುಗಳ ನಡುವೆ ತಾನೇ ದಾರಿ ಮಾಡಿಕೊಂಡು ಎಸೆಯುವ ಚೆಂಡಿಗೂ ಟ್ರೂ ಶೂಟಿಂಗ್ ಭೇದ ಮಾಡುವುದಿಲ್ಲ. ನಮ್ಮ ಹುಡುಗರಲ್ಲಿ ಎರಡನೆಯ ಬಗೆಯ ಎಸೆತವನ್ನು ಧೈರ್ಯದಿಂದ ಎಸೆಯುವವರು ಕಡಿಮೆ. ಅಂಥವರನ್ನು ಬರಿಯ ಶೇಕಡಾವಾರು ತೋರಿಸಿ ಬೈಯುವುದನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರಿಂದ, ಹುಬ್ಬಳ್ಳಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಉತ್ತರಗಳನ್ನು ಅಣ್ಣನಿಗೆ ಓದಿ ಹೇಳಿದೆ. ಫ್ರೀ ಥ್ರೋ ವಿಷಯವನ್ನು ಅವನು ಕೂಡಲೇ ಒಪ್ಪಿದ, ಆದರೆ ಗದಗಿನವರ ಲೆಕ್ಕ ಕೇಳಿದ ಮೇಲೆ ಓನೀಲರನ್ನು ಕೆಳಗಿಳಿಸಲು ಆಗುವುದಿಲ್ಲ ಎನ್ನುತ್ತಿದ್ದಾನೆ. ಅದನ್ನು ನಾನೂ ಒಪ್ಪುತ್ತೇನೆ.

ಇದೇ ಅಳತೆಯನ್ನು ನಮ್ಮ ತಂಡಕ್ಕೆ ಹಚ್ಚಿ ನೋಡಬೇಕೆಂದು ನಿನ್ನೆ ರಾತ್ರಿ ಎರಡು ವರ್ಷಗಳ ಪುಸ್ತಕಗಳನ್ನು ತೆಗೆದು ಕುಳಿತೆ. ಫೀಲ್ಡ್ ಗೋಲಿನಲ್ಲಿ ಬಿದ್ದದ್ದು, ತಪ್ಪಿದ್ದು ಎರಡನ್ನೂ ಬರೆದಿದ್ದೇನೆ. ಫ್ರೀ ಥ್ರೋಗಳಲ್ಲಿ ಬಿದ್ದವನ್ನು ಮಾತ್ರ ಬರೆದಿದ್ದೇನೆ. ತಪ್ಪಿದವು ಎಲ್ಲಿಯೂ ದಾಖಲಾಗಿಲ್ಲವಾದ್ದರಿಂದ ಯಾರೊಬ್ಬರ ಟ್ರೂ ಶೂಟಿಂಗನ್ನೂ ಹಿಂದಿನ ಪಂದ್ಯಗಳಿಂದ ತೆಗೆಯಲು ಸಾಧ್ಯವಿಲ್ಲ. ಮುಂದಿನ ಪಂದ್ಯಕ್ಕೆಂದು ಹೊಸ ಹಾಳೆ ಗೆರೆ ಹಾಕಿದ್ದೇನೆ: ತಪ್ಪಿದ ಫ್ರೀ ಥ್ರೋಗೆ ಒಂದು ಕಾಲಮ್, ಪಾಸ್ ಪಡೆದು ಹಾಕಿದ ಬುಟ್ಟಿಯೋ ತಾನೇ ದಾರಿ ಮಾಡಿಕೊಂಡದ್ದೋ ಎಂದು ಗುರುತಿಸಲು ಇನ್ನೊಂದು. ಇಷ್ಟನ್ನೂ ಒಬ್ಬನೇ ನೋಡಿ ಬರೆಯಲಾಗದು ಎಂದು ತರಗತಿಯ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಲು ಕೇಳಿಕೊಂಡಿದ್ದೇನೆ.